ಪ್ರೊಪೆಲರ್ ಡೈನಾಮಿಕ್ ಬ್ಯಾಲೆನ್ಸಿಂಗ್: ತೂಕ ಕಟ್ಟುವ ಮೊದಲು ಏನು ನೋಡಬೇಕು?

ಬಾತಿಗುಡ್ಡ (ದಾವಣಗೆರೆ):

ದಾವಣಗೆರೆ ಸುತ್ತಮುತ್ತಲಿನ ಅಕ್ಕಿ ಗಿರಣಿ, ಹತ್ತಿ ಗಿರಣಿಗಳಲ್ಲಿ ಬ್ಲೋವರ್, ಫ್ಯಾನ್‌ಗಳ ವೈಬ್ರೇಶನ್ ಅಳೆದು ಬ್ಯಾಲೆನ್ಸ್ ಮಾಡುವುದು ನನ್ನ ಕೆಲಸ. ಈಚೆಗೆ ಪರಿಚಯದವರೊಬ್ಬರ ಎರಡು ಸೀಟಿನ ಮೈಕ್ರೋಲೈಟ್ ವಿಮಾನದ ಪ್ರೊಪೆಲರ್ ಬ್ಯಾಲೆನ್ಸ್ ಮಾಡುವಾಗ ಅಳತೆಗೆ ಕೈಜೋಡಿಸಿದೆ. ವಿಮಾನ ಇರುವುದು ಬೆಂಗಳೂರು ಕಡೆಯ ಒಂದು ಏರ್‌ಫೀಲ್ಡ್‌ನಲ್ಲಿ. ಎಂಜಿನ್ ರೋಟಾಕ್ಸ್ 912 ಯುಎಲ್‌ಎಸ್. ಮೂರು ಬ್ಲೇಡಿನ ಕಾರ್ಬನ್ ಪ್ರೊಪೆಲರ್, ನೆಲದ ಮೇಲೆ ನಿಂತಾಗ ಪಿಚ್, ಅಂದರೆ ಬ್ಲೇಡಿನ ಓರೆ ಕೋನ, ಹೊಂದಿಸುವ ಬಗೆಯದು. ಸಹಿ ಹಾಕಿ ಜವಾಬ್ದಾರಿ ಹೊತ್ತವರು ಲೈಸೆನ್ಸ್ ಇರುವ ಎಂಜಿನಿಯರ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗಿರಣಿ ಫ್ಯಾನ್‌ಗಳ ಅನುಭವ ಎಷ್ಟೇ ಇದ್ದರೂ ವಿಮಾನಕ್ಕೆ ಒಂದು ವಾಷರ್ ಹಾಕುವ ಅಧಿಕಾರ ಅದರಿಂದ ಬರುವುದಿಲ್ಲ.

ಮಾಲೀಕರ ದೂರು ಇಷ್ಟೇ. ಕ್ರೂಸ್‌ನಲ್ಲಿ (ಮೇಲೇರಿ ಸಮವೇಗದಲ್ಲಿ ಹಾರುವಾಗ) ಪ್ಯಾನೆಲ್ ನಡುಗುತ್ತದೆ, ದಿಕ್ಸೂಚಿಯ ಅಂಕಿ ಓದಲು ಆಗುವುದಿಲ್ಲ, ಸ್ವಲ್ಪ ಹೊತ್ತು ಹಾರಿದರೆ ಸ್ಟಿಕ್ ಹಿಡಿದ ಕೈ ಜೋಮು ಹಿಡಿಯುತ್ತದೆ. ಬೇಗ ಒಂದೆರಡು ತೂಕ ಕಟ್ಟಿ ಮುಗಿಸಿಬಿಡಿ ಎಂದು ಅವರು ಅವಸರ ಮಾಡಿದರು. ಎಂಜಿನಿಯರ್ ಒಪ್ಪಲಿಲ್ಲ. ಅವರು ಒಪ್ಪದಿದ್ದದ್ದು ಯಾಕೆ ಸರಿ ಅನ್ನುವುದಕ್ಕೇ ಈ ಚರ್ಚೆ ಶುರುಮಾಡುತ್ತಿದ್ದೇನೆ.

ಪ್ರೊಪೆಲರ್ ತಯಾರಾಗಿ ಬರುವಾಗಲೇ ಬ್ಯಾಲೆನ್ಸ್ ಆಗಿರುತ್ತದಲ್ವಾ, ಮತ್ತೆ ಯಾಕೆ ಎಂದು ಕೇಳುವವರಿದ್ದಾರೆ. ಅದು ಸ್ಟ್ಯಾಟಿಕ್ ಬ್ಯಾಲೆನ್ಸ್. ಪ್ರೊಪೆಲರ್ ನಡುವೆ ಶಾಫ್ಟ್ ಸೇರಿಸಿ, ಅದನ್ನು ಎರಡು ಚೂಪು ಅಂಚಿನ ಹಳಿಗಳ ಮೇಲೆ ಇಟ್ಟರೆ ಭಾರವಾದ ಬ್ಲೇಡ್ ತಾನಾಗಿ ಕೆಳಗೆ ಬರುತ್ತದೆ. ಅದನ್ನು ಸರಿಮಾಡಿ ಕಳಿಸುತ್ತಾರೆ. ಆದರೆ ವಿಮಾನದಲ್ಲಿ ತಿರುಗುವುದು ಪ್ರೊಪೆಲರ್ ಒಂದೇ ಅಲ್ಲ. ಸ್ಪಿನ್ನರ್ (ಪ್ರೊಪೆಲರ್ ನಡುವಿನ ಚೂಪು ಟೋಪಿ), ಅದರ ಹಿಂದಿನ ತಟ್ಟೆಯಾದ ಬ್ಯಾಕ್‌ಪ್ಲೇಟ್, ಬೋಲ್ಟುಗಳು, ಫ್ಲಾಂಜ್ ಎಲ್ಲ ಒಟ್ಟಿಗೆ ತಿರುಗುತ್ತವೆ. ಸ್ಪಿನ್ನರ್ ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ಸಾಕು. ನಡುವಿನಿಂದ 15 ಸೆಂಟಿಮೀಟರ್ ದೂರದಲ್ಲಿ 10 ಗ್ರಾಂ ಹೆಚ್ಚಿದ್ದರೆ, 2400 ಆರ್‌ಪಿಎಂನಲ್ಲಿ ಅದು ಸುಮಾರು 9.7 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ಆ ಎಳೆತ ಸೆಕೆಂಡಿಗೆ 40 ಸುತ್ತು ದಿಕ್ಕು ಬದಲಿಸುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು. ಅದಕ್ಕೇ ಐಡಲ್‌ನಲ್ಲಿ ಗೊತ್ತೇ ಆಗದ ತೊಂದರೆ ಕ್ರೂಸ್‌ನಲ್ಲಿ ಎದ್ದು ಕಾಣುವುದು.

ಡೈನಾಮಿಕ್ ಬ್ಯಾಲೆನ್ಸಿಂಗ್ ಎಂದರೆ ಎಲ್ಲ ಜೋಡಿಸಿದ ಮೇಲೆ, ಎಂಜಿನ್ ಓಡಿಸಿ, ಒಟ್ಟಾರೆ ಎಷ್ಟು ತೂಕ ಯಾವ ಕಡೆ ಹೆಚ್ಚಿದೆ ಎಂದು ಕಂಡುಹಿಡಿಯುವುದು. ಗೇರ್‌ಬಾಕ್ಸಿನ ಮುಂಭಾಗಕ್ಕೆ ನಡುಕ ಅಳೆಯುವ ಅಕ್ಸೆಲೆರೋಮೀಟರ್ ಬಿಗಿಯುತ್ತೇವೆ. ಅದರ ಮುಖ ಶಾಫ್ಟಿಗೆ ಅಡ್ಡಡ್ಡ ಇರಬೇಕು. ಒಂದು ಬ್ಲೇಡಿನ ಹಿಂಭಾಗಕ್ಕೆ ಹೊಳೆಯುವ ಟೇಪ್ ಅಂಟಿಸುತ್ತೇವೆ. ಬೆಳಕಿನಿಂದ ಸುತ್ತು ಎಣಿಸುವ ಫೋಟೋ ಟ್ಯಾಕೋ ಆ ಟೇಪನ್ನು ಪ್ರತಿ ಸುತ್ತಿಗೂ ಒಮ್ಮೆ ನೋಡುತ್ತದೆ. ಒಂದು ಯಂತ್ರ ಎಷ್ಟು ನಡುಗುತ್ತಿದೆ ಎಂದು ಹೇಳಿದರೆ, ಇನ್ನೊಂದು ನಡುಕದ ತುದಿ ಬಂದಾಗ ಬ್ಲೇಡ್ ಎಲ್ಲಿತ್ತು ಎಂದು ಹೇಳುತ್ತದೆ. ಎರಡೂ ಬೇಕು.

ಅಳತೆ ಐಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಇಂಚು ಎಂದು. 1 ಐಪಿಎಸ್ ಎಂದರೆ ಸೆಕೆಂಡಿಗೆ 25.4 ಮಿಲಿಮೀಟರ್. ಈ ಕೆಲಸದವರು ಸಾಮಾನ್ಯವಾಗಿ 0.07ಕ್ಕಿಂತ ಕಡಿಮೆ ಬಂದರೆ ಒಳ್ಳೆಯದು ಎನ್ನುತ್ತಾರೆ. 0.25 ದಾಟಿದರೆ ಒರಟು, 0.5 ದಾಟಿದರೆ ಬಹಳ ಒರಟು. 1ರ ಮೇಲಿದ್ದರೆ ಎಂಜಿನ್ ನಿಲ್ಲಿಸಿ ಕಾರಣ ಹುಡುಕಬೇಕು, ತೂಕದ ಮಾತೇ ಬೇಡ.

ಈ ವಿಮಾನದಲ್ಲಿ ಶುರುವಿಗೆ 0.58 ಬಂತು. ತೂಕದ ಡಬ್ಬಿ ತೆರೆಯುವ ಮೊದಲು ಎಂಜಿನಿಯರ್ ಡಿಜಿಟಲ್ ಪ್ರೊಟ್ರಾಕ್ಟರ್ ತೆಗೆದುಕೊಂಡು ಒಂದೊಂದೇ ಬ್ಲೇಡನ್ನು ಅಡ್ಡಕ್ಕೆ, ಒಂದೇ ಜಾಗಕ್ಕೆ ತಂದು, ಹಬ್‌ನಿಂದ ಒಂದೇ ದೂರದಲ್ಲಿ ಪಿಚ್ ಅಳೆದರು. ಎರಡು ಬ್ಲೇಡ್ ಹೊಂದಿಕೊಂಡಿದ್ದವು, ಮೂರನೆಯದು ಅರ್ಧ ಡಿಗ್ರಿಗಿಂತ ಹೆಚ್ಚು ತಪ್ಪಿತ್ತು. ಅದನ್ನು ಸರಿಮಾಡಿ, ಬೋಲ್ಟುಗಳನ್ನು ಹೇಳಿದಷ್ಟೇ ಬಿಗಿಗೆ (ಟಾರ್ಕ್) ಬಿಗಿದು ಮತ್ತೆ ಓಡಿಸಿದಾಗ 0.42. ಒಂದು ಗ್ರಾಂ ತೂಕವನ್ನೂ ಸೇರಿಸದೆ ಇಷ್ಟು ಇಳಿಯಿತು. ಮೊದಲೇ ತೂಕ ಕಟ್ಟಿದ್ದರೆ ಮೀಟರ್ ಚಂದದ ಅಂಕಿ ತೋರಿಸುತ್ತಿತ್ತು, ತಪ್ಪಿದ ಬ್ಲೇಡ್ ಹಾಗೇ ಒಳಗೆ ಉಳಿಯುತ್ತಿತ್ತು.

ಕೋಟೆನಾಡು (ಚಿತ್ರದುರ್ಗ):

ನಾನು ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳಲ್ಲಿ ಕೆಲಸ ಮಾಡುವವನು. ನೀವು ಪಿಚ್ ಬಗ್ಗೆ ಹೇಳಿದ್ದು ಓದಿ ನಮ್ಮ ಟವರ್ ನೆನಪಾಯಿತು. ನಮ್ಮಲ್ಲಿ ರೋಟರ್ ನಿಮಿಷಕ್ಕೆ ಹತ್ತಿಪ್ಪತ್ತು ಸುತ್ತು ಅಷ್ಟೇ. ಆದರೆ ತೊಂದರೆಯ ಜಾತಿ ಒಂದೇ. ಒಂದು ಬ್ಲೇಡಿನ ಕೋನ ತಪ್ಪಿದರೆ ಆ ಬ್ಲೇಡ್ ಮಾತ್ರ ಗಾಳಿಯನ್ನು ಬೇರೆ ರೀತಿ ಹಿಡಿಯುತ್ತದೆ. ಟವರ್ ಹಿಂದೆ ಮುಂದೆ ತೂಗುತ್ತದೆ. ತೂಕ ತಪ್ಪಿದ್ದರೆ ಪಕ್ಕಕ್ಕೆ ತೂಗುವುದು ಜಾಸ್ತಿ.

ಇದರಲ್ಲಿ ಇನ್ನೊಂದು ಮಾತಿದೆ. ಕೋನ ತಪ್ಪಿದ್ದನ್ನು ತೂಕ ಕಟ್ಟಿ ಮುಚ್ಚಿದರೆ ಅದು ಒಂದು ಗಾಳಿಗೆ, ಒಂದು ಲೋಡಿಗೆ ಮಾತ್ರ ಸರಿಹೋಗುತ್ತದೆ. ಗಾಳಿ ಬದಲಾದರೆ ನಡುಕ ವಾಪಸ್. ವಿಮಾನದಲ್ಲೂ ಹಾಗೇ ಇರಬೇಕಲ್ವಾ? ಕ್ರೂಸ್‌ನಲ್ಲಿ ಸರಿ, ಏರುವಾಗ ಒರಟು?

ಬಾತಿಗುಡ್ಡ (ದಾವಣಗೆರೆ):

ಹೌದು, ಅದೇ. ತೂಕದ ತಪ್ಪಿನ ಬಲ ಆರ್‌ಪಿಎಂ ಮೇಲೆ ಹೋಗುತ್ತದೆ. ಕೋನದ ತಪ್ಪಿನದು ಥ್ರಾಟಲ್, ವಿಮಾನದ ವೇಗ ಎರಡರ ಮೇಲೂ ಹೋಗುತ್ತದೆ. ಒಂದು ಇನ್ನೊಂದನ್ನು ಎಲ್ಲ ಸ್ಥಿತಿಯಲ್ಲೂ ಅಳಿಸಲಾರದು. ನೆಲದ ಮೇಲೆ 0.05 ತೋರಿಸಿ ಮೇಲೆ ಹೋದಾಗ ನಡುಗುವ ವಿಮಾನಗಳಲ್ಲಿ ಮೊದಲು ಬ್ಲೇಡ್ ಕೋನ ಅನುಮಾನಿಸಬೇಕು.

ಟ್ರ್ಯಾಕ್ ಕೂಡ ನೋಡಬೇಕು. ಎಲ್ಲ ಬ್ಲೇಡಿನ ತುದಿ ಒಂದೇ ದಾರಿಯಲ್ಲಿ ಹಾಯಬೇಕು. ಒಂದು ಗೂಟ ನೆಟ್ಟು, ಬ್ಲೇಡ್ ತುದಿಗೆ ತಾಗುವ ಹಾಗೆ ಗುರುತು ಮಾಡಿ, ಕೈಯಲ್ಲಿ ನಿಧಾನ ತಿರುಗಿಸಿದರೆ ಗೊತ್ತಾಗುತ್ತದೆ. ಸಣ್ಣ ವಿಮಾನದ ಲೋಹದ ಪ್ರೊಪೆಲರ್‌ಗೆ 1/16 ಇಂಚು, ಮರದ್ದಕ್ಕೆ 1/8 ಇಂಚಿನವರೆಗೆ ವ್ಯತ್ಯಾಸ ಒಪ್ಪುತ್ತಾರೆ. ತಯಾರಕರು ಬೇರೆ ಮಿತಿ ಕೊಟ್ಟಿದ್ದರೆ ಅದೇ ಲೆಕ್ಕ.

ಸ್ಪ್ಯಾನರ್ ಕಟ್ಟೆ (ಚಿತ್ರದುರ್ಗ, ಕೆಲಸ ಬೆಂಗಳೂರು):

ನಾನು ವಿಮಾನ ನಿರ್ವಹಣೆಯ ಕೆಲಸದಲ್ಲಿದ್ದೇನೆ. ಕೈಯಲ್ಲಿ ತಿರುಗಿಸಿದರೆ ಎಂದು ಬಾತಿಗುಡ್ಡದವರು ಬರೆದದ್ದಕ್ಕೆ ಒಂದು ಮಾತು ಸೇರಿಸಲೇಬೇಕು. ಇಗ್ನಿಷನ್ ಆಫ್ ಇದೆ ಎಂದು ಪ್ರೊಪೆಲರ್ ಮುಟ್ಟಬೇಡಿ. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋದ ಗ್ರೌಂಡ್ ತಂತಿ ತುಂಡಾಗಿದ್ದರೆ ಸ್ವಿಚ್ ಆಫ್‌ನಲ್ಲಿದ್ದರೂ ಕಿಡಿ ಹಾರುತ್ತದೆ. ರೋಟಾಕ್ಸ್‌ನ ಇಗ್ನಿಷನ್‌ನಲ್ಲೂ ಆಫ್ ಮಾಡುವುದೆಂದರೆ ಗ್ರೌಂಡ್ ಮಾಡುವುದೇ, ಹಾಗಾಗಿ ಅಲ್ಲೂ ಇದೇ ಅಪಾಯ. ಪ್ರತಿ ಸಲ ಮುಟ್ಟುವಾಗಲೂ ಅದು ತಿರುಗಬಹುದು ಎಂದುಕೊಂಡೇ ನಿಲ್ಲಬೇಕು. ಕಾಲು, ಕೈ, ಅಂಗಿ ಯಾವುದೂ ಬ್ಲೇಡಿನ ದಾರಿಯಲ್ಲಿ ಇರಬಾರದು.

ರನ್ ಮಾಡುವಾಗ ಕಾಕ್‌ಪಿಟ್‌ನಲ್ಲಿ ಕೂತವರು ಬ್ರೇಕ್ ಬಿಡಬಾರದು, ಚಕ್ರಕ್ಕೆ ಚಾಕ್ ಇರಬೇಕು. ಮೀಟರ್ ಹಿಡಿದವರು ರೆಕ್ಕೆಯ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಬೇಕು. ಕೇಬಲ್ಲನ್ನು ಹತ್ತತ್ತು ಸೆಂಟಿಮೀಟರಿಗೆ ಕಟ್ಟಿ, ಎಕ್ಸಾಸ್ಟ್‌ನಿಂದ ದೂರ ಇಡಬೇಕು. ಸಡಿಲ ಬಿಟ್ಟ ಒಂದು ತುಂಡು ಕೇಬಲ್ ಪ್ರೊಪೆಲರ್ ಕಡೆ ಹೋದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ಇನ್ನು ಪ್ರೊಪೆಲರ್ ನೆಲಕ್ಕೆ, ಹಕ್ಕಿಗೆ, ಕಂಬಕ್ಕೆ ತಾಗಿದ್ದರೆ ಬ್ಯಾಲೆನ್ಸಿಂಗ್ ಪ್ರಶ್ನೆಯೇ ಇಲ್ಲ. ಮೊದಲು ಪ್ರೊಪೆಲರ್, ಗೇರ್‌ಬಾಕ್ಸ್, ಕ್ರ್ಯಾಂಕ್ ತಪಾಸಣೆ ಆಗಬೇಕು.

ವಿದ್ಯಾನಗರದ ವಿದ್ಯಾರ್ಥಿ (ದಾವಣಗೆರೆ):

ಮೆಕ್ಯಾನಿಕಲ್ ಮೂರನೇ ವರ್ಷ ಓದುತ್ತಿದ್ದೇನೆ. ಫೋನಿನಲ್ಲಿ ಅಕ್ಸೆಲೆರೋಮೀಟರ್ ಇದೆ, ಸ್ಪೆಕ್ಟ್ರಮ್ ತೋರಿಸುವ ಆ್ಯಪ್‌ಗಳೂ ಇವೆ. ಅದರಿಂದ ಮಾಡಲು ಆಗುವುದಿಲ್ಲವೇ? ಅಸಲಿ ಮೀಟರ್ ಬೆಲೆ ನಮ್ಮಂಥವರಿಗೆ ಎಟುಕುವುದಿಲ್ಲ.

ಬಾತಿಗುಡ್ಡ (ದಾವಣಗೆರೆ):

ಫೋನಿನಿಂದ ನಡುಕ ಇದೆಯೋ ಇಲ್ಲವೋ, ಯಾವ ಆವರ್ತನದಲ್ಲಿದೆ ಎಂದು ತಿಳಿಯಬಹುದು. ಅದು ಸಣ್ಣ ಸಹಾಯ ಅಲ್ಲ. ರೋಟಾಕ್ಸ್ 912 ಯುಎಲ್‌ಎಸ್‌ನ ಗೇರ್ ಅನುಪಾತ 2.43. ಎಂಜಿನ್ 5000 ಆರ್‌ಪಿಎಂ ಓಡುವಾಗ ಪ್ರೊಪೆಲರ್ ಸುಮಾರು 2058. ಅಂದರೆ ಪ್ರೊಪೆಲರ್ ತಪ್ಪು 34 ಹರ್ಟ್ಸ್ ಹತ್ತಿರ ಕಾಣುತ್ತದೆ, ಕ್ರ್ಯಾಂಕ್‌ನದು 83 ಹತ್ತಿರ, ಅದರ ಅರ್ಧ 42 ಹತ್ತಿರ. 34ರಲ್ಲಿ ಗೋಪುರ ಎದ್ದರೆ ಪ್ರೊಪೆಲರ್ ಕಡೆ ನೋಡಿ. 42ರಲ್ಲಿ ಎದ್ದರೆ ಸಿಲಿಂಡರುಗಳು ಸಮವಾಗಿ ಕೆಲಸ ಮಾಡುತ್ತಿಲ್ಲ ಎಂಬ ಅನುಮಾನ. ಆಗ ಎರಡು ಕಾರ್ಬ್ಯುರೇಟರ್‌ಗಳ ಹೊಂದಾಣಿಕೆ, ಪ್ಲಗ್ ಎಲ್ಲ ನೋಡಬೇಕು. ಕಾರ್ಬ್ಯುರೇಟರ್ ಹೊಂದಾಣಿಕೆ ತಪ್ಪಿದ ನಡುಕಕ್ಕೆ ಪ್ರೊಪೆಲರ್ ಮೇಲೆ ಎಷ್ಟು ತೂಕ ಹಾಕಿದರೂ ಪ್ರಯೋಜನ ಇಲ್ಲ, ಗೇರ್‌ಬಾಕ್ಸ್ ಸವೆಯುವುದೂ ನಿಲ್ಲುವುದಿಲ್ಲ.

ಆದರೆ ಫೋನಿಗೆ ಬ್ಲೇಡ್ ಎಲ್ಲಿದೆ ಎಂದು ಗೊತ್ತಿಲ್ಲ. ಫೇಸ್, ಅಂದರೆ ನಡುಕದ ತುದಿ ಬಂದಾಗ ಬ್ಲೇಡ್ ಇದ್ದ ಕೋನ, ಇಲ್ಲದೆ ತೂಕ ಯಾವ ಕಡೆ ಹಾಕಬೇಕು ಎಂದು ನೇರವಾಗಿ ಹೇಳಲು ಆಗುವುದಿಲ್ಲ. ಫೋನನ್ನು ಎಂಜಿನ್ ಮೇಲೆ ಕಟ್ಟಲೂ ಬೇಡಿ. ಶಕ್ತಿಶಾಲಿ ಬೈಕ್ ಎಂಜಿನ್‌ಗಳ ನಡುಕದಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಸುಮ್ನೆ ಫೋನೂ ಹೋಗುತ್ತದೆ.

ಫೇಸ್ ಇಲ್ಲದೆ ಮಾಡುವ ಹಳೆಯ ದಾರಿ ಒಂದಿದೆ. ಗಿರಣಿಗಳಲ್ಲಿ ಈಗಲೂ ಬಳಸುತ್ತೇವೆ. ಮೊದಲು ತೂಕ ಇಲ್ಲದೆ ಓಡಿಸಿ ನಡುಕ ಬರೆದುಕೊಳ್ಳಿ. ಆ ಅಳತೆಯನ್ನೇ ತ್ರಿಜ್ಯವಾಗಿಟ್ಟು ವೃತ್ತ ಎಳೆಯಿರಿ. ಒಂದೇ ತೂಕವನ್ನು 0, 120, 240 ಡಿಗ್ರಿಯಲ್ಲಿ ಒಂದೊಂದು ಸಲ ಹಾಕಿ ಓಡಿಸಿ. ವೃತ್ತದ ಮೇಲೆ ಆ ಮೂರು ಜಾಗಗಳನ್ನು ಕೇಂದ್ರ ಮಾಡಿಕೊಂಡು, ಆಯಾ ಸಲ ಬಂದ ನಡುಕದ ಅಳತೆಯಲ್ಲಿ ಮೂರು ವೃತ್ತ ಎಳೆಯಿರಿ. ಮೂರೂ ಸೇರುವ ಜಾಗದ ಕಡೆಗೆ ನಡುವಿನಿಂದ ಗೆರೆ ಎಳೆದರೆ ತೂಕ ಹಾಕುವ ದಿಕ್ಕು ಸಿಗುತ್ತದೆ. ಆ ಗೆರೆಯ ಉದ್ದದಿಂದ ಮೊದಲಿನ ನಡುಕವನ್ನು ಭಾಗಿಸಿ, ಬಂದದ್ದನ್ನು ಹಾಕಿ ನೋಡಿದ ತೂಕಕ್ಕೆ ಗುಣಿಸಿದರೆ ಬೇಕಾದ ತೂಕ. ಕಾಲೇಜಿನ ಲ್ಯಾಬಿನಲ್ಲಿ ಒಂದು ಟೇಬಲ್ ಫ್ಯಾನ್ ಇಟ್ಟು ಇದನ್ನು ಮಾಡಿ ನೋಡಿ, ಬಹಳ ಚೆನ್ನಾಗಿ ಅರ್ಥವಾಗುತ್ತದೆ.

ಹರಿಹರದ ಲೇತ್:

ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದವನು ನಾನು. ಲೇತ್ ಚಕ್ಕಿಗೆ ಓರೆಕೋರೆ ಜಾಬ್ ಕಟ್ಟಿದಾಗ ಎದುರು ಬದಿಗೆ ತೂಕ ಕಟ್ಟಿಯೇ ಓಡಿಸುತ್ತಿದ್ದೆವು, ಹಾಗಾಗಿ ವಿಷಯ ಹತ್ತಿರದ್ದು ಅನಿಸಿತು. ಫೇಸ್ ಇದ್ದಾಗ ಲೆಕ್ಕ ಹೇಗೆ ಮಾಡಿದಿರಿ? ಮೀಟರ್ ಹೇಳಿದ್ದನ್ನು ಹಾಗೇ ನಂಬುವುದೋ, ಕಾಗದದ ಮೇಲೂ ನೋಡಿದಿರೋ?

ಬಾತಿಗುಡ್ಡ (ದಾವಣಗೆರೆ):

ಕಾಗದದ ಮೇಲೂ ನೋಡಿದೆ. ಅಂಕಿಗಳನ್ನೇ ಕೊಡುತ್ತೇನೆ, ನೀವೂ ಎಳೆದು ನೋಡಿ.

ತೂಕ ಇಲ್ಲದೆ: 0.42 ಐಪಿಎಸ್, 60 ಡಿಗ್ರಿ. ಸ್ಪಿನ್ನರ್ ಬ್ಯಾಕ್‌ಪ್ಲೇಟಿನ 0 ಡಿಗ್ರಿ ತೂತಿಗೆ 12 ಗ್ರಾಂ ಟ್ರಯಲ್ ವೇಟ್ (ಹಾಕಿ ನೋಡುವ ತೂಕ) ಹಾಕಿದಾಗ: 0.30 ಐಪಿಎಸ್, 120 ಡಿಗ್ರಿ. ಆರ್‌ಪಿಎಂ ಎರಡೂ ಸಲ ಒಂದೇ.

0.42ರಿಂದ 0.30ಕ್ಕೆ ಇಳಿದಿದೆ, 0.12 ಕಡಿಮೆ ಆಯಿತು, ಇನ್ನೂ ಇಷ್ಟು ತೂಕ ಹಾಕೋಣ ಅಂದುಕೊಂಡರೆ ಕೆಟ್ಟಿತು. ಎರಡನ್ನೂ ಬಾಣಗಳಾಗಿ ಗ್ರಾಫ್ ಹಾಳೆ ಮೇಲೆ ಎಳೆಯಬೇಕು. ಮೊದಲ ಬಾಣದ ತುದಿಯಿಂದ ಎರಡನೆಯದರ ತುದಿಗೆ ಗೆರೆ ಎಳೆದರೆ ಅದೇ ಆ 12 ಗ್ರಾಂ ಮಾಡಿದ ಕೆಲಸ. ಅಳೆದರೆ ಸುಮಾರು 0.375 ಬರುತ್ತದೆ, ದಿಕ್ಕು 196 ಡಿಗ್ರಿ. ನಮಗೆ ಬೇಕಾದದ್ದು ಮೊದಲ ಬಾಣವನ್ನು ಪೂರ್ತಿ ಅಳಿಸುವ ಬಾಣ, ಅಂದರೆ 0.42, ದಿಕ್ಕು 240. ಹಾಗಾಗಿ ತೂಕವನ್ನು 0.42 ಭಾಗಿಸು 0.375ರಷ್ಟು ಹೆಚ್ಚಿಸಬೇಕು: 12 ಗ್ರಾಂ ಇದ್ದದ್ದು ಸುಮಾರು 13.5 ಆಗುತ್ತದೆ. ಜಾಗವನ್ನು 240 ಕಳೆ 196, ಅಂದರೆ 44 ಡಿಗ್ರಿ ಸರಿಸಬೇಕು.

44 ಡಿಗ್ರಿಯಲ್ಲಿ ತೂತು ಇರಲಿಲ್ಲ. 30ರಲ್ಲಿ ಒಂದು, 60ರಲ್ಲಿ ಒಂದು ಇತ್ತು. ತೂಕವನ್ನು ಎರಡಕ್ಕೂ ಹಂಚಿದರೆ 30ರಲ್ಲಿ 7.4 ಗ್ರಾಂ, 60ರಲ್ಲಿ 6.5 ಗ್ರಾಂ. ಕೂಡಿದರೆ 13.9, ಅಂದರೆ 13.5ಕ್ಕಿಂತ ಸ್ವಲ್ಪ ಹೆಚ್ಚು. ಎರಡು ತೂಕವೂ ಬೇರೆ ಬೇರೆ ದಿಕ್ಕಿಗೆ ಎಳೆಯುವುದರಿಂದ ಸ್ವಲ್ಪ ಬಲ ಪರಸ್ಪರ ಕಳೆದುಹೋಗುತ್ತದೆ. ಸ್ಕ್ರೂ, ನಟ್, ವಾಷರ್ ಮೂರನ್ನೂ ಚಿನ್ನ ತೂಗುವ ಬಗೆಯ ಸಣ್ಣ ತಕ್ಕಡಿಯಲ್ಲಿ ಒಟ್ಟಿಗೆ ತೂಗಿ ಹಾಕಿದೆವು. ಸ್ಕ್ರೂ ಮತ್ತು ನಟ್ ತೂಕ ಬಿಟ್ಟು ವಾಷರ್ ಮಾತ್ರ ತೂಗಿದರೆ ಲೆಕ್ಕ ತಪ್ಪುತ್ತದೆ. ಕೊನೆಯ ರೀಡಿಂಗ್ 0.06.

ಒಂದು ಎಚ್ಚರಿಕೆ. ಕೋನವನ್ನು ಪ್ರೊಪೆಲರ್ ತಿರುಗುವ ದಿಕ್ಕಿಗೆ ಎಣಿಸಬೇಕೋ ಎದುರು ದಿಕ್ಕಿಗೋ ಎನ್ನುವುದು ಮೀಟರಿನಿಂದ ಮೀಟರಿಗೆ ಬದಲಾಗುತ್ತದೆ. ಪುಸ್ತಕ ನೋಡಿ ಖಚಿತ ಮಾಡಿಕೊಳ್ಳಿ. ತೂಕವನ್ನು ಲೆಕ್ಕದ ಪ್ರಕಾರ ಸರಿಸಿದ ಮೇಲೂ ನಡುಕ ಏರಿದರೆ ಮೊದಲು ಇದನ್ನೇ ಅನುಮಾನಿಸಬೇಕು.

ಹರಿಹರದ ಲೇತ್:

ಎಳೆದು ನೋಡಿದೆ. 43 ಡಿಗ್ರಿ, 13.4 ಬಂತು. ಪೆನ್ಸಿಲ್ ದಪ್ಪ ಬಿಟ್ಟರೆ ಸರಿ ಇದೆ. ಲೆಕ್ಕ ಕಣ್ಣಿಗೆ ಕಾಣುವ ಹಾಗೆ ಕೊಟ್ಟದ್ದಕ್ಕೆ ಸಂತೋಷ.

ಕಪಿಲೆ ಕಡೆಯವನು (ಹಿರಿಯೂರು):

ದಾಳಿಂಬೆ ತೋಟಕ್ಕೆ ಔಷಧಿ ಹೊಡೆಯುವ ಡ್ರೋನ್ ನಡೆಸುತ್ತೇನೆ. ಇದೆಲ್ಲ ಅದಕ್ಕೂ ಬೇಕಾ?

ಬಾತಿಗುಡ್ಡ (ದಾವಣಗೆರೆ):

ಮೀಟರ್ ಬೇಡ. ಪ್ರೊಪ್ ಬ್ಯಾಲೆನ್ಸರ್ ಎಂಬ ಸಣ್ಣ ಸಾಧನದಲ್ಲಿ ಸ್ಟ್ಯಾಟಿಕ್ ನೋಡಿದರೆ ಸಾಕು. ಬ್ಲೇಡಿಗೆ ಅಂಟಿದ ಒಣಗಿದ ಔಷಧಿಯನ್ನು ದಿನಾ ಒರೆಸಿ, ಅದೇ ದೊಡ್ಡ ತೂಕ. ಅಂಚು ಮುರಿದ ಬ್ಲೇಡನ್ನು ಉಜ್ಜಿ ಹಾಕಬೇಡಿ, ಬದಲಿಸಿ.

ರನ್‌ವೇ 08 (ದಾವಣಗೆರೆ):

ಹಾರಾಟ ಕಲಿಯುತ್ತಿದ್ದೇನೆ, ಸೆಸ್ನಾ 172ರಲ್ಲಿ. ಅದರಲ್ಲಿ ಗೇರ್‌ಬಾಕ್ಸ್ ಇಲ್ಲ, ಪ್ರೊಪೆಲರ್ ನೇರ ಕ್ರ್ಯಾಂಕಿಗೆ. ಅಲ್ಲಿ ಪ್ರೊಪೆಲರ್ ನಡುಕ, ಎಂಜಿನ್ ನಡುಕ ಬೇರೆ ಮಾಡುವುದು ಹೇಗೆ? ಬ್ಯಾಲೆನ್ಸ್ ಮಾಡಿದರೆ ಎಂಜಿನ್ ಆಯಸ್ಸು ಎಷ್ಟು ಹೆಚ್ಚುತ್ತದೆ?

ಸ್ಪ್ಯಾನರ್ ಕಟ್ಟೆ (ಚಿತ್ರದುರ್ಗ, ಕೆಲಸ ಬೆಂಗಳೂರು):

ನಿಮ್ಮ ಸೆಸ್ನಾದ ಲೈಕಮಿಂಗ್ ಎಂಜಿನ್‌ನಲ್ಲಿ ಎರಡೂ ಒಂದೇ ಆವರ್ತನ, ಹಾಗಾಗಿ ಸ್ಪೆಕ್ಟ್ರಮ್ ನೋಡಿ ಬೇರೆ ಮಾಡಲು ಆಗಲ್ಲ. ಅರ್ಧ ಆವರ್ತನದಲ್ಲಿ ಕಾಣುವುದು ಮಾತ್ರ ಉರಿಯುವಿಕೆಯ ಕಡೆಯದು. ಅಲ್ಲಿ ತೂಕ ಹಾಕಲು ಸ್ಟಾರ್ಟರ್ ರಿಂಗ್ ಗೇರಿನ ತಟ್ಟೆಯಲ್ಲಿರುವ ತೂತುಗಳನ್ನು ಬಳಸುವುದುಂಟು. ರಬ್ಬರ್ ಮೌಂಟ್‌ಗಳು ಹಳತಾಗಿ ಕುಸಿದಿದ್ದರೆ ಒಳ್ಳೆಯ ಪ್ರೊಪೆಲರ್ ಕೂಡ ಕೆಟ್ಟದಾಗಿ ಕಾಣುತ್ತದೆ, ಮೊದಲು ಅದನ್ನು ನೋಡಬೇಕು.

ಆಯಸ್ಸು ಇಷ್ಟು ಶೇಕಡಾ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಕಣ್ಣಿಗೆ ಬೀಳುವುದು ಬಿರುಕು ಬಿಟ್ಟ ಬ್ಯಾಫಲ್ (ಎಂಜಿನ್ನಿಗೆ ತಂಪುಗಾಳಿ ತಿರುಗಿಸುವ ತಗಡು), ಎಕ್ಸಾಸ್ಟ್ ಬ್ರಾಕೆಟ್, ಸ್ಪಿನ್ನರ್ ಸ್ಕ್ರೂ ತೂತಿನ ಸುತ್ತ ಕೂದಲೆಳೆ ಬಿರುಕು, ಬೇಗ ಕೆಡುವ ಉಪಕರಣಗಳು. ನಡುಕ ಇಳಿದರೆ ಇವು ಕಡಿಮೆಯಾಗುತ್ತವೆ. ಪೈಲಟ್ ಕಡಿಮೆ ದಣಿಯುತ್ತಾರೆ. ಅಷ್ಟೇ ಸಾಕಲ್ವಾ?

ಕೋಟೆನಾಡು (ಚಿತ್ರದುರ್ಗ):

ಚಳ್ಳಕೆರೆ ಹತ್ತಿರದ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ 2016ರಲ್ಲಿ ರುಸ್ತುಂ-2 ಮೊದಲು ಹಾರಿದಾಗಿನಿಂದ ನಮ್ಮ ಕಡೆ ಹುಡುಗರಿಗೆ ವಿಮಾನದ ಮೇಲೆ ಆಸೆ ಜಾಸ್ತಿಯಾಗಿದೆ. ಇಂಥ ಕೆಲಸ ಕಲಿಯಲು ಬೆಂಗಳೂರಿಗೇ ಹೋಗಬೇಕು ಅಂದುಕೊಂಡಿದ್ದೆವು. ಅರ್ಧ ಪಾಠ ದಾವಣಗೆರೆ ಗಿರಣಿಯಲ್ಲೇ ಇದೆ ಎಂದು ಈಗ ಗೊತ್ತಾಯಿತು. ಒಂದು ಪ್ರಶ್ನೆ: ಗಾಳಿ ಎಷ್ಟಿದ್ದರೆ ಕೆಲಸ ನಿಲ್ಲಿಸಬೇಕು? ಆಷಾಢದಲ್ಲಿ ನಮ್ಮೂರ ಗಾಳಿ ನಿಮಗೆ ಗೊತ್ತೇ ಇದೆ.

ಬಾತಿಗುಡ್ಡ (ದಾವಣಗೆರೆ):

ಆಷಾಢದ ಗಾಳಿಯಲ್ಲಿ ಖಂಡಿತ ಬೇಡ. ಮೂಗು ಗಾಳಿಗೆ ಎದುರಾಗಿ ನಿಲ್ಲಿಸಬೇಕು. ಗಾಳಿ ಪಕ್ಕದಿಂದ ಬಂದರೆ ಮೇಲ್ಗಡೆ ಹಾಯುವ ಬ್ಲೇಡಿಗೂ ಕೆಳಗಡೆ ಹಾಯುವ ಬ್ಲೇಡಿಗೂ ಬೇರೆ ಬೇರೆ ಗಾಳಿ ತಾಗುತ್ತದೆ, ರೀಡಿಂಗ್ ಓಲಾಡುತ್ತದೆ. ನಾವು ಬೆಳಗಿನ ತಂಪಿನಲ್ಲಿ, ಎಲೆ ಅಲ್ಲಾಡದ ಹೊತ್ತಿನಲ್ಲಿ ಮಾಡಿದೆವು. ಎಂಜಿನ್ ಪೂರ್ತಿ ಬಿಸಿಯಾಗಿರಬೇಕು, ಕೌಲಿಂಗ್ (ಎಂಜಿನ್ ಹೊದಿಕೆ) ಹಾಕಿರಬೇಕು. ಎಳೆಬಿಸಿಲು ನೇರ ಟ್ಯಾಕೋ ಕಣ್ಣಿಗೆ ಬಿದ್ದರೆ ಅದು ಟೇಪ್ ಬಿಟ್ಟು ಬೇರೆ ಹೊಳಪನ್ನು ಎಣಿಸುತ್ತದೆ. ಆರ್‌ಪಿಎಂ ಅಂಕಿ ಜಿಗಿಯುತ್ತಿದ್ದರೆ ಸೆನ್ಸರಿಗೆ ನೆರಳು ಮಾಡಿ. ಒಂದೇ ಸ್ಥಿತಿಯಲ್ಲಿ ಎರಡು ಸಲ ಅಳೆದಾಗ ಅಂಕಿ, ಕೋನ ಎರಡೂ ಹೊಂದದಿದ್ದರೆ ತೂಕ ಹಾಕಲೇಬೇಡಿ. ಆ ದಿನ ಗಾಳಿ ಸರಿ ಇಲ್ಲ ಅಥವಾ ಎಲ್ಲೋ ಏನೋ ಸಡಿಲ ಇದೆ.

ರನ್‌ವೇ 08 (ದಾವಣಗೆರೆ):

ತೂಕ ಹಾರುವಾಗ ಕಿತ್ತುಬಂದರೆ? ಟೇಪಿನಲ್ಲಿ ಅಂಟಿಸಿದ ಸೀಸದ ತೂಕ ಕಾರ್ ಚಕ್ರದಲ್ಲಿ ನೋಡಿದ್ದೇನೆ.

ಸ್ಪ್ಯಾನರ್ ಕಟ್ಟೆ (ಚಿತ್ರದುರ್ಗ, ಕೆಲಸ ಬೆಂಗಳೂರು):

ಅಂಟಿಸುವ ತೂಕ ಹಾರಾಟಕ್ಕೆ ಇಲ್ಲವೇ ಇಲ್ಲ. ಏರ್‌ಕ್ರಾಫ್ಟ್ ದರ್ಜೆಯ ಸ್ಕ್ರೂ, ದೊಡ್ಡ ವಾಷರ್, ಸೆಲ್ಫ್ ಲಾಕಿಂಗ್ ನಟ್. ನಟ್ ಬಿಗಿದ ಮೇಲೆ ಸ್ಕ್ರೂವಿನ ಒಂದೆರಡು ಎಳೆ ಹೊರಗೆ ಕಾಣಬೇಕು. ಹಿಂದಿನ ಕೌಲಿಂಗಿಗೆ ತಾಗದೆ ಎಷ್ಟು ಅಂತರ ಇದೆ ಎಂದು ಕೈಯಲ್ಲಿ ಪೂರ್ತಿ ಸುತ್ತಿಸಿ ನೋಡಬೇಕು, ಎಂಜಿನ್ ರಬ್ಬರ್ ಮೇಲೆ ಅಲ್ಲಾಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಯಾರಕರ ಒಪ್ಪಿಗೆ ಇಲ್ಲದೆ ಬ್ಯಾಕ್‌ಪ್ಲೇಟಿಗೆ ಹೊಸ ತೂತು ಕೊರೆಯಬಾರದು, ಅಲ್ಲಿಂದಲೇ ಬಿರುಕು ಶುರುವಾಗುತ್ತದೆ.

ಯಾವ ತೂತಿನಲ್ಲಿ ಎಷ್ಟು ಗ್ರಾಂ, ಯಾವ ಆರ್‌ಪಿಎಂನಲ್ಲಿ, ಮೊದಲು ಎಷ್ಟು, ಕೊನೆಗೆ ಎಷ್ಟು ಎಂದು ಲಾಗ್‌ಬುಕ್‌ನಲ್ಲಿ ಬರೆಯಬೇಕು. ಸ್ಪಿನ್ನರಿಗೂ ಬ್ಯಾಕ್‌ಪ್ಲೇಟಿಗೂ ಸೇರಿಸಿ ಒಂದು ಗುರುತು ಹಾಕಿ. ಮುಂದೆ ಯಾರೋ ಸ್ಪಿನ್ನರ್ ಬಿಚ್ಚಿ ಒಂದು ತೂತು ಆಚೆ ಹಾಕಿದರೆ ಮಾಡಿದ ಕೆಲಸವೆಲ್ಲ ಹೋಯಿತು. ಪ್ರೊಪೆಲರ್ ಬಿಚ್ಚಿ ದುರಸ್ತಿಗೆ ಕಳಿಸಿದರೆ ಆ ತೂಕಗಳನ್ನು ತೆಗೆದು ಹೊಸದಾಗಿ ಅಳೆಯಬೇಕು.

ವಿದ್ಯಾನಗರದ ವಿದ್ಯಾರ್ಥಿ (ದಾವಣಗೆರೆ):

ಮರದ ಪ್ರೊಪೆಲರ್ ಇದ್ದರೆ ಏನಾದರೂ ವ್ಯತ್ಯಾಸ ಇದೆಯಾ?

ಬಾತಿಗುಡ್ಡ (ದಾವಣಗೆರೆ):

ಇದೆ. ಮರ ತೇವ ಹೀರುತ್ತದೆ. ವಿಮಾನ ನಿಲ್ಲಿಸುವಾಗ ಎರಡು ಬ್ಲೇಡಿನ ಮರದ ಪ್ರೊಪೆಲರನ್ನು ನೆಟ್ಟಗೆ ಬಿಡದೆ ಅಡ್ಡಕ್ಕೆ ಇಡಬೇಕು. ನೆಟ್ಟಗೆ ಬಿಟ್ಟರೆ ತೇವ ಕೆಳಗಿನ ಬ್ಲೇಡಿಗೆ ಇಳಿದು ಅದು ಭಾರವಾಗುತ್ತದೆ. ನಮ್ಮ ಕಡೆಯ ಒಣ ಬೇಸಿಗೆಯಲ್ಲಿ ಮರ ಕುಗ್ಗುವುದರಿಂದ ಹಬ್ ಬೋಲ್ಟುಗಳ ಬಿಗಿಯೂ ಸಡಿಲಾಗುತ್ತದೆ. ತಯಾರಕರು ಹೇಳಿದ ಗಡುವಿಗೆ ಟಾರ್ಕ್ ನೋಡಿ, ಆಮೇಲೆ ಟ್ರ್ಯಾಕ್ ನೋಡಿ, ಅದೂ ಸರಿ ಇದ್ದರೆ ಮೀಟರ್ ಜೋಡಿಸಿ. ಟೇಬಲ್ ಫ್ಯಾನ್ ಪ್ರಯೋಗ ಮಾಡಿದರೆ ಮೂರು ವೃತ್ತದ ಹಾಳೆಯ ಫೋಟೋ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.